ಬೆನ್ನಿಗೆ ಬಿದ್ದ ಗುಂಡು

ಅಣಕ ಮಾಡುವುದರಲ್ಲಿ ಆದಿವಾಲದಿಂದ ಜವನಗೊಂಡನಹಳ್ಳಿಯವರೆಗೆ ನನ್ನನ್ನು ಮೀರಿಸಿದವರು ಯಾರೂ ಇರಲಿಲ್ಲ. ಇದು ಜಂಬದ ಮಾತಲ್ಲ. ಅಣಕ ಮಾಡಿ ಒದೆ ತಿಂದವರನ್ನು ಸಾಲಾಗಿ ನಿಲ್ಲಿಸಿದರೂ ಮೊದಲು ನಿಲ್ಲುವವನು ನಾನೇ. ನಮ್ಮೂರ ಗೌಡರದು ಹೊಟ್ಟೆಯನ್ನು ಮುಂದೆ ಕಳಿಸಿ ಆಮೇಲೆ ತಾವು ನಿಧಾನವಾಗಿ ತಲುಪುವ ನಡಿಗೆ. ಆ ನಡಿಗೆಯನ್ನು ನಾನು ಅವರ ಎದುರಿಗೇ ನಡೆದು ತೋರಿಸಿದ್ದೆ. ಅಂಚೆ ತರುವವನ ಕುಂಟು, ಅಂಗಡಿ ಶೆಟ್ಟರ ಸೀನು, ಮಠದ ಅಯ್ಯನವರ ಆಕಳಿಕೆ, ಎಲ್ಲವೂ ನನ್ನ ಬಳಿ ಇದ್ದವು. ನನ್ನದು ಅಂತ ಮಾತ್ರ ಏನೂ ಇರಲಿಲ್ಲ.

ನನ್ನ ಅಣಕಕ್ಕೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಕುರಿ ಕಾಯುವ ಮನೆಯ ನನ್ನ ಗೆಳೆಯ. ನನಗಿಂತ ಒಂದು ವರ್ಷ ದೊಡ್ಡವನು, ತಾಯಿಗೆ ಒಬ್ಬನೇ ಮಗ. ಅವನನ್ನೇ ಆಡಿ ತೋರಿಸಿದರಂತೂ ನೆಲಕ್ಕೆ ಬಿದ್ದು ಹೊರಳಾಡಿ, "ಲೇ, ಇನ್ನೊಂದ್ಸಲ ಮಾಡೋ" ಅನ್ನುತ್ತಿದ್ದ.

ಜರ್ಮನಿಯವರ ಮೇಲೆ ಯುದ್ಧ ಶುರುವಾದಾಗ ಮಹಾರಾಜರ ಕುದುರೆ ಪಡೆಗೆ ಆಳು ಬೇಕೆಂದು ದುರ್ಗದಲ್ಲಿ ಡಂಗುರ ಸಾರಿಸಿದರು. "ಹೋಗಾಣ ಬಾರೋ" ಅಂದ ಗೆಳೆಯ. ಬುತ್ತಿ ಕಟ್ಟಿಕೊಂಡು ಇಬ್ಬರೂ ನಡೆದೆವು. ದಾರಿಯುದ್ದಕ್ಕೂ ನಾನು ದಳವಾಯಿಯಂತೆ ಮೀಸೆ ತಿರುವುತ್ತಾ, ಇಲ್ಲದ ಕುದುರೆಯನ್ನು ಕುಣಿಸುತ್ತಾ ಹೋದೆ. ದುರ್ಗದ ಸಾಲಿನಲ್ಲಿ ನಿಂತು ಮುಂದಿನವನ ಎದೆಯನ್ನು ಡಾಕ್ಟರು ತಟ್ಟುವ ಸದ್ದು ಕೇಳಿದ್ದೇ ತಡ, ನನ್ನ ಧೈರ್ಯವೆಲ್ಲ ಸೋರಿಹೋಯಿತು. ನನ್ನ ಸರದಿ ಬಂದಾಗ ಅಂಚೆಯವನ ಕುಂಟನ್ನು ಎಷ್ಟು ಚೆನ್ನಾಗಿ ಕುಂಟಿದೆನೆಂದರೆ, ಡಾಕ್ಟರು ಮರುಕಪಟ್ಟು ಬೆನ್ನು ಸವರಿ ಹೊರಗೆ ಕಳಿಸಿದರು.

ಗೆಳೆಯ ಎಲ್ಲವನ್ನೂ ನೋಡಿದ್ದ. ಯಾರಿಗೂ ಹೇಳಲಿಲ್ಲ. "ಅಂಚೆಯೋನು ಎಳೆಯೋದು ಎಡಗಾಲು ಕಣೋ, ನೀನು ಬಲಗಾಲು ಎಳ್ದೆ" ಎಂದಷ್ಟೇ ಹೇಳಿ ನಕ್ಕ. ಅವನನ್ನು ಸೇರಿಸಿಕೊಂಡರು. ಕುದುರೆ ಹತ್ತುವ ಕೆಲಸವಲ್ಲ, ಕುದುರೆಗಳಿಗೆ ಚರ್ಮದ ಚೀಲದಲ್ಲಿ ನೀರು ಹೊರುವ ಕೆಲಸ. ಅವನು ಹಡಗು ಹತ್ತಿದ. ನಾನು ಊರಿಗೆ ಬಂದು, ಹೇಳಿದ ಸುಳ್ಳಿಗೆ ನಿಷ್ಠನಾಗಿ ಒಂದು ತಿಂಗಳು ಕುಂಟಿದೆ.

ಯುದ್ಧ ಮುಗಿಯುವ ವರ್ಷ ಸರ್ಕಾರದ ಕಾಗದ ಬಂತು. ಶಾನುಭೋಗರು ಓದಿದರು: ಸಮುದ್ರದಾಚೆಯ ನಾಡಿನಲ್ಲಿ, ಕೆಲಸದ ಮೇಲಿದ್ದಾಗ, ಗುಂಡು ತಗುಲಿ. ಅವನ ತಾಯಿ ಒಂದೇ ಮಾತು ಕೇಳಿದಳು. "ಮಣ್ಣು ಅಲ್ಲೇ ಮಾಡ್ಯಾರೆ. ಎಡೆ ಇಡಾಕೆ ನನಗೆ ಜಾಗ ಎಲ್ಲೈತೆ? ಏರಿ ಮ್ಯಾಲೆ ಒಂದು ಕಲ್ಲು ನಿಲ್ಲಿಸ್ರಿ."

ನಮ್ಮ ಕೆರೆ ಏರಿಯ ಮೇಲೆ ಸಾಲಾಗಿ ವೀರಗಲ್ಲುಗಳಿವೆ. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವರವು, ದುರ್ಗದ ಪಾಳೆಯಗಾರರ ಕಾಲದಲ್ಲಿ ಹೋರಾಡಿ ಬಿದ್ದವರವು. ಕುರಿಯ ಉಣ್ಣೆ ಕತ್ತರಿಸಿದ ದಿನ ಮೊದಲ ಹಿಡಿ ಆ ಕಲ್ಲುಗಳಿಗೇ. ಮದುಮಗ ಅವುಗಳಿಗೆ ಕೈಮುಗಿಯದೆ ಊರು ದಾಟುವಂತಿಲ್ಲ. ಹೊಸ ಕಲ್ಲು ನಿಲ್ಲಿಸಬೇಕಾದರೆ ಒಂದು ಕಟ್ಟಳೆಯಿದೆ. ಸಾವನ್ನು ಕಣ್ಣಾರೆ ಕಂಡವನು ಹಳೆಯ ಕಲ್ಲಿನ ಮೇಲೆ ಅಂಗೈ ಇಟ್ಟು, ಗೌಡರು ಕೇಳುವ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಯಾರ ಪರವಾಗಿ ನಿಂತ? ಎಲ್ಲಿ ಬಿದ್ದ? ಗಾಯ ಎಲ್ಲಿ? ಮೂರನೆಯದಕ್ಕೇ ತೂಕ. ಗಾಯ ಬೆನ್ನಿಗಾಗಿದ್ದರೆ ಕಲ್ಲಿಲ್ಲ.

"ಕಂಡೋರು ಯಾರಿದಾರವ್ವ?" ಎಂದರು ಗೌಡರು. "ಕಂಡೋರು ಬರ್ಲಿ, ಕೇಳಾಣ." ಮನಸ್ಸು ಕಲ್ಲಾಗಿ ಆಡಿದ ಮಾತಲ್ಲ. ಆ ಸಾಲನ್ನು ಕಾಯುವುದು ಅವರ ಮನೆತನದ ಪಾಲಿಗೆ ಬಂದ ಹೊಣೆ.

ಮಾರನೆಯ ವರ್ಷ ಕಂಡವನು ಬಂದ. ಹೊಸದುರ್ಗದ ಕಡೆಯ ಮಾಡದಕೆರೆಯವನು, ಕುದುರೆ ಪಡೆಯ ಸವಾರ. ಆರಡಿ ಆಳು. ಎದೆಯ ಮೇಲೆ ಪದಕ, ಕತ್ತಿನಲ್ಲಿ ಗುಂಡು ಹಾದುಹೋದ ಕಲೆ. ಆ ಗುಂಡು ಅವನ ದನಿಯನ್ನೇ ಕೊಂಡೊಯ್ದಿತ್ತು. ಮಾತಾಡಿದರೆ ಒಣಗಿದ ಎಲೆ ಉಜ್ಜಿದಂತೆ ಪಿಸಪಿಸ. ಊರ ಮುಂದೆ ಸಾಕ್ಷಿ ಹೇಳುವವನಿಗೆ ದನಿಯಿಲ್ಲ!

"ಇವನ್ನ ನಿಲ್ಲಿಸ್ರಿ" ಎಂದು ಗೌಡರು ನನ್ನತ್ತ ಹೊಟ್ಟೆ ತಿರುಗಿಸಿದರು. "ಕಂಡಕಂಡೋರ ದನಿ ಎಲ್ಲಾ ಕದ್ದಾನೆ, ಇವತ್ತು ಒಬ್ರಿಗೆ ತಿರುಗಿ ಕೊಡ್ಲಿ. ಅವರು ಅಂದದ್ದನ್ನ ಅಂದಂಗೇ ಅನ್ನಬೇಕು ಕಣಲೇ. ನಿನ್ನ ಒಗ್ಗರಣೆ ಬ್ಯಾಡ."

ಬೆಳಗಿನ ಬಿಸಿಲಿಗೆ ಊರೆಲ್ಲ ಏರಿಯ ಮೇಲೆ ಕೂತಿತ್ತು. ಸವಾರ ಕಲ್ಲಿನ ಮೇಲೆ ಅಂಗೈ ಇಟ್ಟ. ನಾನು ಕಿವಿಯನ್ನು ಅವನ ಬಾಯಿಗೊಡ್ಡಿ ನಿಂತೆ. ಹುಟ್ಟುಗುಣ ಎಲ್ಲಿ ಹೋದೀತು? ತಾನು ಯಾರು, ಎಲ್ಲಿಯವನು ಎಂದು ಅವನಾಡಿದ ಮೊದಲ ಮಾತನ್ನೇ ಅವನ ಪಿಸುದನಿಯಲ್ಲಿ, ಕತ್ತು ಉಬ್ಬಿಸಿ, ಕಣ್ಣು ಹೊರಳಿಸಿ ಹೇಳಿದೆ. ಹೆಂಗಸರ ಗುಂಪು ಕಿಸಕ್ಕೆಂದಿತು. ಸವಾರ ಸಿಟ್ಟಾಗಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕಿವಿಯಲ್ಲಿ, "ಆ ಕುಂಟ ನೀನೇನಾ?" ಎಂದ.

ನಾನು ಕಿವಿ ಹಿಂದೆಳೆದುಕೊಂಡೆ. ಅವನು ಮತ್ತೆ ಬಗ್ಗಿದ.

"ದಿನಾ ನಿನ್ನನ್ನ ಆಡಿ ತೋರಿಸ್ತಿದ್ದ ಕಣಪ್ಪ. ಡಾಕ್ಟ್ರ ಮುಂದೆ ನೀನು ಕಾಲು ಎಳ್ದಿದ್ದನ್ನ. ಮರಳುಗಾಡಿನಾಗೆ ನಮ್ಮನ್ನೆಲ್ಲ ನಗಿಸ್ತಿದ್ದ. 'ನನ್ನ ಗೆಳೆಯ ಬಾಳ ಶಾಣ್ಯಾ' ಅಂತಿದ್ದ."

ಈ ಮಾತನ್ನು ನಾನು ಊರಿಗೆ ಹೇಳಲಿಲ್ಲ. ಗಂಟಲು ಸರಿಮಾಡಿಕೊಂಡು, ಆಟ ಬಿಟ್ಟು, ನೆಟ್ಟಗೆ ನಿಂತೆ.

ಯಾರ ಪರವಾಗಿ ನಿಂತ? "ಮಹಾರಾಜರ ಪಡೆಯ ಪರ." ಎಲ್ಲಿ ಬಿದ್ದ? "ಗುಡ್ಡದ ತಳದಾಗೆ, ಕಾಳಗದ ನಡುವೆ." ಇಷ್ಟು ಸಲೀಸಾಗಿ ಆಯಿತು. ಜನ ತಲೆದೂಗಿದರು. ತಾಯಿ ಮುಂದಿನ ಸಾಲಿನಲ್ಲಿ ಮೊಣಕಾಲು ಅಪ್ಪಿಕೊಂಡು ನನ್ನ ಬಾಯನ್ನೇ ನೋಡುತ್ತಿದ್ದಳು.

"ಗಾಯ ಎಲ್ಲಿ?"

ಸವಾರ ನನ್ನ ಕಿವಿಗೆ ಬಗ್ಗಿದ. "ಬೆನ್ನಿಗೆ."

ಆ ಮಾತು ಕೇಳಿದ್ದು ಇಡೀ ಏರಿಯ ಮೇಲೆ ನಾನೊಬ್ಬನೇ. ಎದೆಗೆ ಅಂದುಬಿಟ್ಟರೆ ಮುಗಿಯಿತು, ಕಲ್ಲು ನಿಂತಂತೆ. ಸುಳ್ಳು ಹೇಳುವುದು ನನಗೇನು ಹೊಸದೇ? ಇಡೀ ತಿಂಗಳು ಕಾಲಿನಲ್ಲೇ ಹೇಳಿದವನು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಸವಾರನ ಅಂಗೈ ಕಲ್ಲಿನ ಮೇಲಿತ್ತು, ಬಾಯಿ ಮಾತ್ರ ನನ್ನದು. ಅವನ ಆಣೆಯನ್ನು ನಾನು ಕೆಡಿಸಿದರೆ, ಆಮೇಲೆ ನಿಲ್ಲುವ ಕಲ್ಲೂ ನನ್ನ ಕುಂಟಿನಂಥದೇ ಆಗುತ್ತಿತ್ತು. ನನ್ನ ಗೆಳೆಯನಿಗೆ ಅಂಥ ಕಲ್ಲೇ?

"ಬೆನ್ನಿಗೆ" ಎಂದೆ.

ಒಟ್ಟಿಗೇ ಗದ್ದಲ ಎದ್ದಿತು. "ಓಡ್ತಿದ್ದ ಹಂಗಾದ್ರೆ!" "ಕುರಿ ಕಾಯೋನಿಗೆ ಯುದ್ಧ ಯಾಕ್ರಿ ಬೇಕಿತ್ತು?" ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಗೌಡರು ಎದ್ದು ನಿಂತರು. ಎದ್ದರೆಂದರೆ ಮಾತು ಮುಗಿಯಿತು ಅಂತ ಅರ್ಥ. ನಾಲಿಗೆ ಕಚ್ಚಿಕೊಂಡು ಸಾಯೋಣವೆನಿಸಿತು ನನಗೆ.

ಸವಾರ ನನ್ನ ಅಂಗಿ ಹಿಡಿದು ಜಗ್ಗಿದ. ಅವನ ಮಾತು ಮುಗಿದಿರಲಿಲ್ಲ. ಕೆರೆಗೆ ಬಂದಿದ್ದ ಒಬ್ಬ ಕುರಿಗಾಹಿಯ ಹೆಗಲಿನಿಂದ ಆಡಿನ ಚರ್ಮದ ನೀರಿನ ಚೀಲವನ್ನು ತೆಗೆದು ನನ್ನ ಬೆನ್ನಿಗೆ ಹೊರಿಸಿದ.

"ಕುಂತ್ಕಳ್ರಿ ಗೌಡ್ರೆ, ಇನ್ನೂ ಐತೆ!" ಎಂದು ಕೂಗಿದೆ. ಅವನು ಪಿಸುಗುಟ್ಟಿದ್ದನ್ನು ಒಂದೊಂದಾಗಿ ಹೇಳಿದೆ. "ನೀರು ಹೊರೋದು ಹಿಂಗೆ, ಬೆನ್ನ ಮ್ಯಾಲೆ. ಎಲ್ರೂ ಹಂಗೇ ಹೊರ್ತಾರೆ. ಕುದುರೆಗಳು ಹಿಂದಿನ ದಿನದಿಂದ ನೀರು ಕಂಡಿರ್ಲಿಲ್ಲ. ಬಾವಿ ಇದ್ದಿದ್ದು ಗುಡ್ಡದ ಕಡೆ, ವೈರಿಗಳ ಬಂದೂಕಿನ ಬಾಯಿಗೇ. ಹೋಗಿ ಅಂತ ಯಾರೂ ಹುಕುಂ ಕೊಡ್ಲಿಲ್ಲ. ಇವನೇ ಎದ್ದ. ಖಾಲಿ ಚೀಲ ಹಿಡ್ಕಂಡು ಅವರಿಗೆ ಎದೆ ಕೊಟ್ಟು ನಡೆದ. ಒಂದಲ್ಲ, ನಾಕು ಸಲ. ಮೂರನೇ ಸಲ ಬರೋವಾಗ ಬೆನ್ನ ಮ್ಯಾಲಿನ ಚೀಲಕ್ಕೆ ಗುಂಡು ಬಿದ್ದು ನೀರೆಲ್ಲಾ ಮರಳಿಗೋಯ್ತು."

ಇಲ್ಲಿ ಸವಾರ ಚೀಲವನ್ನು ನನ್ನ ಬೆನ್ನಿನಿಂದ ಬಿಚ್ಚಿದ. ಎದೆಗೆ ಒತ್ತಿ ಎರಡೂ ಕೈಯಿಂದ ತಬ್ಬಿಸಿದ. ಹೆಗಲು ಹಿಡಿದು ನನ್ನನ್ನು ತಿರುಗಿಸಿ, ನನ್ನ ಬೆನ್ನು ಗೌಡರ ಕಡೆ ಬರುವಂತೆ ನಿಲ್ಲಿಸಿದ.

"ನಾಕನೇ ಸಲ ಹಿಂಗೆ ಬಂದ."

ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ನನಗೆ ಜನರ ಮುಖ ಕಾಣುತ್ತಿರಲಿಲ್ಲ, ಬರೀ ಕೆರೆಯ ನೀರು ಕಾಣುತ್ತಿತ್ತು. ಬೆನ್ನ ಹಿಂದಿನಿಂದ ಗೌಡರ ದನಿ ಬಂತು, ನಾನು ಎಂದೂ ಕದಿಯಲಾಗದ ದನಿ:

"ನೀರು ಚೆಲ್ತೇನಪ್ಪ?"

ಸವಾರ ಪಿಸುಗುಟ್ಟಿದ, ನಾನು ಹೇಳಿದೆ: "ಒಂದು ತೊಟ್ಟೂ ಇಲ್ರಿ. ಕುದುರೆ ಮುಂದೆ ಚೀಲ ಬಿಚ್ಚಿಟ್ಟ, ಆಮೇಲೆ ಕುಂತ, ಆಮೇಲೆ ಏಳ್ಲಿಲ್ಲ. ಆ ನೀರು ಕುಡಿದಿದ್ದು ನನ್ನ ಕುದುರೆ. ಮಾರನೇ ದಿನ ಅದೇ ಕುದುರೆ ಮ್ಯಾಲೆ ಆ ಗುಡ್ಡ ಹತ್ತಿದೆ. ಗೆದ್ವಿ. ಈ ಪದಕ ಅವತ್ತಿಂದು."

ಗೌಡರು ರುಮಾಲು ತೆಗೆದು ಹಳೆಯ ಕಲ್ಲಿನ ಮುಂದೆ ಇಟ್ಟರು. "ಗಾಯ ಎಲ್ಲಿ ಅಂತ ಕೇಳಿದ್ದು ಯಾಕಂದ್ರೆ, ಸಾಯೋನು ಯಾವುದನ್ನ ಬಿಟ್ಟು ಓಡ್ದ ಅಂತ ತಿಳಿಯಾಕೆ. ಇವನು ಏನನ್ನ ಬಿಟ್ಟ? ಕಲ್ಲು ನಿಲ್ಲಿಸ್ರಿ."

"ಆದ್ರೆ ಗೌಡ್ರೆ, ಬೆನ್ನು..." ಎಂದರು ಯಾರೋ.

"ಬೆನ್ನೇ ಕೆತ್ತಿಸ್ರಿ! ಮುಚ್ಚಿಡೋದೇನೈತೆ ಅದ್ರಾಗೆ?"

ಆ ಗೆಲುವಿನ ಗದ್ದಲದ ನಡುವೆ ನಾನು ಸ್ವಂತ ದನಿಯಲ್ಲಿ ಒಂದು ಮಾತು ಹೇಳಿದೆ. ದುರ್ಗದಲ್ಲಿ ನಾನು ಕುಂಟಿದ್ದು ಸುಳ್ಳು, ಒಂದೂ ಗುಂಡು ಹಾರುವ ಮೊದಲೇ ಬೆನ್ನು ತಿರುಗಿಸಿ ಬಂದವನು ನಾನು, ಎಂದೆ. ಎಲ್ಲರೂ ಉಗಿಯುತ್ತಾರೆಂದು ಕಾದೆ. ಅಂಚೆಯವನು ಎಲೆಯಡಿಕೆ ಜಗಿಯುತ್ತಾ, "ಗೊತ್ತಿತ್ತು ಬಿಡಲೇ. ಒಂದಿನ ಎಡಗಾಲು ಕುಂಟ್ತಿದ್ದೆ, ಒಂದಿನ ಬಲಗಾಲು" ಎಂದ. ಅವತ್ತು ನನ್ನನ್ನು ನೋಡಿ ಊರು ನಕ್ಕಿತು. ಅವರೊಂದಿಗೆ ನಾನೂ ನಕ್ಕೆ. ನಕ್ಕರೂ ಒಂದು ಮಾತು ಒಳಗೆ ಕೂತುಬಿಟ್ಟಿತು. ನನಗೂ ಗೆಳೆಯನಿಗೂ ಅದೇ ಭಯ ಇದ್ದಿರಬೇಕು. ನಾನು ಆ ಭಯಕ್ಕೆ ಒಂದು ಕುಂಟು ಕಟ್ಟಿದೆ. ಅವನು ಅದರ ಕೈಗೆ ಚೀಲ ಕೊಟ್ಟು ನೀರಿಗೆ ಕಳಿಸಿದ. ದೊಡ್ಡತನವೆಂದರೆ ಇಷ್ಟೇ ಇರಬೇಕು: ಬಾಯಾರಿದವರು ಯಾರೆಂದು ನೋಡಿ ಎದ್ದು ಹೊರಡುವುದು, ಅದೂ ಹೇಳಿಸಿಕೊಳ್ಳದೆ.

ಹೊಳಲ್ಕೆರೆಯಿಂದ ಬಂದ ಕಲ್ಲುಕುಟಿಗ ತಲೆ ಕೆರೆದುಕೊಂಡ. "ನಮ್ಮಪ್ಪ ಕೆತ್ತಿಲ್ಲ, ನಮ್ಮಜ್ಜ ಕೆತ್ತಿಲ್ಲ. ವೀರ ಅಂದ್ರೆ ಮೀಸೆ, ಕತ್ತಿ. ಬೆನ್ನು ಕೆತ್ತಿದ್ರೆ ಇಂಥೋನೇ ಅಂತ ಗುರುತು ಹ್ಯಾಂಗ್ರಿ?" ಗುರುತಿಗೆ ನನ್ನನ್ನೇ ಕೊಟ್ಟರು. ಹದಿನೈದು ದಿನ, ಎದೆಗೆ ಚೀಲ ತಬ್ಬಿ, ಗೆಳೆಯ ನಿಲ್ಲುತ್ತಿದ್ದ ಹಾಗೆ ಎಡ ಹೆಗಲು ಇಳಿಬಿಟ್ಟು, ಮೊಣಕೈ ಹೊರಚಾಚಿ, ಕಾಲು ಕಮಾನಾಗಿಸಿ ಬಿಸಿಲಲ್ಲಿ ನಿಂತೆ. ಅಲುಗಿದರೆ ಕುಟಿಗ ಬೈಯುವನು. "ಏನಪ್ಪ, ಬಾಯಿ ಆಡಿಸಿದ್ರೂ ಬೆನ್ನು ಅಲ್ಲಾಡತೈತಲ್ಲ ನಿಂದು!" ನನ್ನ ಜೀವಮಾನದಲ್ಲಿ ನಗಿಸುವುದಕ್ಕೂ ಅಲ್ಲದೆ, ತಪ್ಪಿಸಿಕೊಳ್ಳುವುದಕ್ಕೂ ಅಲ್ಲದೆ ಒಬ್ಬನನ್ನು ಅಣಕಿಸಿದ್ದು ಅದೇ ಮೊದಲು.

ಕಲ್ಲು ನಿಂತ ದಿನ ಸುತ್ತಲ ಹಟ್ಟಿಗಳ ಡೊಳ್ಳೆಲ್ಲ ನಮ್ಮ ಏರಿಯ ಮೇಲಿತ್ತು. ಕುರಿಗಳನ್ನು ಹೊಡೆದುಕೊಂಡೇ ಜನ ಬಂದರು. ಏರಿಯ ಒಂದು ಬದಿ ನೀರು, ಇನ್ನೊಂದು ಬದಿ ಕುರಿ, ನಡುವೆ ಡೊಳ್ಳಿನ ಸದ್ದಿಗೆ ಎದೆಗೂಡೇ ಕುಣಿಯುತ್ತಿತ್ತು. ಹಗ್ಗಕ್ಕೆ ಮೊದಲು ಕೈ ಹಾಕಿದವರು ಗೌಡರು. ಹತ್ತಾರು ವೀರರು ಮೀಸೆ ತೋರಿಸಿ ನಿಂತ ಸಾಲಿನಲ್ಲಿ ಇವನೊಬ್ಬ ಬೆನ್ನು ತೋರಿಸಿ, ಏನನ್ನೋ ತಬ್ಬಿಕೊಂಡು ನಿಂತ. ಆ ಸಾಲಿನಲ್ಲಿ ಕಣ್ಣು ಮೊದಲು ಹೋಗುವುದು ಅವನ ಮೇಲೆಯೇ.

ತಾಯಿ ಮುತ್ತುಗದ ಎಲೆ ಹಾಸಿ ಎಡೆ ಬಡಿಸಿದಳು. ಮುದ್ದೆ, ಹುರುಳಿಸಾರು, ಬೆಣ್ಣೆ, ಈರುಳ್ಳಿ. ಡೊಳ್ಳು ಸುಮ್ಮನಾಯಿತು. ಅವಳು ಅಳುತ್ತಾಳೆಂದು ಎಲ್ಲರೂ ನೆಲ ನೋಡಿದೆವು. ಅವಳು ಸೊಂಟದ ಮೇಲೆ ಕೈಯಿಟ್ಟು, ಮಗ ಕುರಿ ಮೇಯಿಸಿ ತಡವಾಗಿ ಬಂದಾಗ ಗದರುವಂತೆ ಗದರಿದಳು:

"ಎಷ್ಟು ವರ್ಷ ಆಯ್ತಲೇ ನನ್ನ ಮುದ್ದೆ ಉಂಡು! ಆ ಚೀಲ ಒಂಚೂರು ಕೆಳಗಿಟ್ಟು ಉಣ್ಣು. ನಾನು ಹಿಡ್ಕಂಡಿರ್ತೀನಿ."