ವಿಭೂತಿ ಹಾಕಿ ಉಜ್ಜಿದ ಗಾಜು

ನನ್ನ ಯಜಮಾನರು ಚನ್ನರಾಯಪಟ್ಟಣದಲ್ಲಿ ಭೌತಶಾಸ್ತ್ರದ ಮೇಷ್ಟ್ರು. ತೊಂಬತ್ತರ ದಶಕದ ಕೊನೆಯಲ್ಲಿ ಎಂ.ಫಿಲ್.ಗೆ ಸೇರಿ, ಭಾನುವಾರ ಬಸ್ಸು ಹತ್ತಿ ಹಾಸನಕ್ಕೆ ಹೋಗಿ, ಅಲ್ಲಿನ ಸ್ನೇಹಿತರೊಬ್ಬರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಆಗಲೇ ಅವರ ಎರಡೂ ಕಿಡ್ನಿ ಸೋತಿದ್ದವು.

ನಾನು ಏಳನೇ ತರಗತಿ ಓದಿದವಳು. ನನಗೆ ಅರ್ಥವಾದದ್ದು ಇಷ್ಟು: ಬೆಳ್ಳಿಯ ಮೈಮೇಲೆ ಎಲೆಕ್ಟ್ರಾನುಗಳು ಒಟ್ಟಾಗಿ ಅಲೆಯಂತೆ ತೂಗಬಲ್ಲವು. ಪ್ರಿಸಮ್ಮಿನ ಮೂಲಕ ಬೆಳ್ಳಿಗೆ ಲೇಸರ್ ಬೆಳಕು ಬಿಟ್ಟು ಕೋನ ಬದಲಿಸುತ್ತ ಹೋದರೆ, ಒಂದು ಕೋನದಲ್ಲಿ ಬೆಳಕು ವಾಪಸು ಬರುವುದೇ ಇಲ್ಲ, ಆ ಅಲೆಗೆ ಸೇರಿಹೋಗುತ್ತದೆ. ಅಲ್ಲಿ ಆಗುವ ಕತ್ತಲನ್ನು ಒಂದು ಸಲ ಕಣ್ಣಾರೆ ನೋಡಬೇಕೆಂದು ಅವರ ಆಸೆ.

ಅದಕ್ಕಾಗಿ ಒಂದು ಗಾಜಿನ ಬಿಲ್ಲೆಗೆ ಬೆಂಗಳೂರಿನಲ್ಲಿ ಬೆಳ್ಳಿ ಲೇಪ ಮಾಡಿಸಿ ತಂದರು. ಹೊಸದೇನು ತಂದರೂ ಮೊದಲು ದೇವರ ಮುಂದೆ ಇಡುವುದು ನಮ್ಮ ಮನೆಯ ರೂಢಿ. ಅವರೇ ಡಬ್ಬಿಯ ಮುಚ್ಚಳ ತೆಗೆದು ಇಟ್ಟರು. ಸೋಮವಾರ ಪೂಜೆಗೆ ಬೆಳ್ಳಿ ದೀಪ ತಿಕ್ಕಿ ಬೆಳಗುವಾಗ, ಬಿಲ್ಲೆಯೂ ಊದುಬತ್ತಿ ಹೊಗೆಗೆ ಮಂಕಾದಂತೆ ಕಂಡಿತು. ಅತ್ತೆ ಕಲಿಸಿದಂತೆ ಒದ್ದೆ ಬಟ್ಟೆಗೆ ವಿಭೂತಿ ಹಾಕಿ ಉಜ್ಜಿದೆ. ಒಳ್ಳೆಯ ಹೊಳಪು ಬಂತು.

ಸಂಜೆ ಅವರು ಡಬ್ಬಿ ಎತ್ತಿಕೊಂಡರು. “ಇದರ ಮೇಲಿದ್ದ ಬೆಳ್ಳಿ ಎಲ್ಲೇ?”

“ಮಂಕಾಗಿತ್ತು ಕಣ್ರೀ. ಒಸಿ ಇಬೂತಿ ಆಕಿ ಉಜ್ಜಿದೆ.”

ಬಿಲ್ಲೆಯನ್ನು ಕಣ್ಣಿಗೆ ಹಿಡಿದು ಅದರೊಳಗಿಂದಲೇ ನನ್ನನ್ನು ನೋಡಿದರು. “ಬೆಳ್ಳಿ ಬೆಳಗೋದ್ರಲ್ಲಿ ನಿನ್ ಬುಟ್ರಿಲ್ಲ ಬುಡು. ಕೂದಲಿನ ಸಾವಿರದಲ್ಲೊಂದು ಪಾಲು ದಪ್ಪ ಇತ್ತು ಕಣೇ ಅದು.”

ಬೈದಿದ್ದರೆ ಚೆನ್ನಾಗಿತ್ತು.

ಇನ್ನೊಂದು ಬಿಲ್ಲೆಗಾಗಿ ಬೆಂಗಳೂರಿಗೆ ಬರೆದರು. ಅಲ್ಲಿ ಲೇಪದ ಯಂತ್ರ ಕೆಟ್ಟಿತ್ತು. ಬರಬರುತ್ತ ಅವರು ಹಾಸನಕ್ಕೆ ಹೋಗುತ್ತಿದ್ದದ್ದು ಡಯಾಲಿಸಿಸ್‌ಗೆ ಮಾತ್ರ. ಅಂಚೆಯವರು ಬಂದುಹೋದಾಗಲೆಲ್ಲ ಮಲಗಿದಲ್ಲಿಂದಲೇ, “ಬಂತೇನೇ?” ಎನ್ನುತ್ತಿದ್ದರು. “ನಾಳೆ ಬತ್ತದೆ ಸುಮ್ಕಿರಿ” ಎನ್ನುತ್ತಿದ್ದೆ. ಆಷಾಢದಲ್ಲಿ ಅವರು ತೀರಿಕೊಂಡರು. ಅಲ್ಲಿಯವರೆಗೂ ಬಿಲ್ಲೆ ಬಂದಿರಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಹಾಸನದ ಸ್ನೇಹಿತರು ಬಂದು ಯಜಮಾನರ ನೋಟ್‌ಬುಕ್ ತೆರೆದರು. ಗ್ರಾಫ್ ಹಾಳೆಯಲ್ಲಿ ಪೆನ್ಸಿಲ್ಲಿನ ಗೆರೆಯೊಂದು ಮೇಲಿನಿಂದ ಒಮ್ಮೆಗೇ ಕೆಳಗಿಳಿದು ಮತ್ತೆ ಏರಿತ್ತು. ಅದು ಲೆಕ್ಕ ಹಾಕಿ ಎಳೆದದ್ದಂತೆ. ಅಳತೆ ಮಾಡಿ ಇಡಬೇಕಾದ ಚುಕ್ಕಿ ಒಂದೂ ಇರಲಿಲ್ಲ.

“ನಿಜವಾಗ್ಲೂ ಅಲ್ಲೇ ಕತ್ಲಾಗ್ತಿತ್ತಾ ಸಾ?” ಎಂದು ಗೆರೆ ಇಳಿದ ತಳದಲ್ಲಿ ಬೆರಳಿಟ್ಟು ಕೇಳಿದೆ.

“ಅಲ್ಲೇ ಆಗ್ತಿತ್ತು ತಾಯಿ. ಎಲ್ಲಾ ಪುಸ್ತಕದಲ್ಲೂ ಐತಲ್ಲ.”

ಪುಸ್ತಕದಲ್ಲಿ ಇರುವುದು ನನ್ನ ಯಜಮಾನರಿಗೂ ಗೊತ್ತಿತ್ತು.