ರಕ್ತದ ಡಬ್ಬಿ ತರುತ್ತಿದ್ದ ಕಾಕಾ

ಮೊನ್ನೆ ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕಲ್ಲಂಗಡಿ ರಾಶಿಗೆ ನೀರು ಹೊಡೆದ ಗೋಣಿತಟ್ಟು ಹೊದಿಸುತ್ತಿದ್ದರು. ಆ ಒದ್ದೆ ಗೋಣಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಕಾ ನೆನಪಾದರು...

ನಾನು ರಕ್ತ ತಪಾಸಣೆಯ ಲ್ಯಾಬಿನವಳು. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿಗೆ ಹೊಸದಾಗಿ ಫ್ಲೋ ಸೈಟೋಮೀಟರ್ ಬಂದಿತ್ತು. ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಗಾಡಿಗಳು ಸಾಲಾಗಿ ದಾಟುವ ಹಾಗೆ, ಬಣ್ಣ ಹಚ್ಚಿದ ಬಿಳಿ ರಕ್ತಕಣಗಳು ಅದರೊಳಗೆ ಒಂದೊಂದಾಗಿ ಲೇಸರ್ ಬೆಳಕನ್ನು ದಾಟುತ್ತವೆ. ಯಾವ ಬಗೆಯವು ಎಷ್ಟಿವೆ ಎಂದು ಯಂತ್ರ ಎಣಿಸುತ್ತದೆ. ಎಚ್‌ಐವಿ ಇದ್ದವರಲ್ಲಿ ಸಿಡಿ4 ಎಂಬ ಕಣಗಳು ಎಷ್ಟು ಉಳಿದಿವೆ ಎಂದು ನೋಡಿ ಔಷಧ ಶುರು ಮಾಡುತ್ತಿದ್ದ ಕಾಲವದು. ಮೂಡಲಗಿ, ಹುಕ್ಕೇರಿಯಿಂದ ರಕ್ತದ ನಳಿಗಳನ್ನು ಮೋಟರ್‌ಸೈಕಲ್ ಮೇಲೆ ತರುತ್ತಿದ್ದವರು ಕಾಕಾ. ನಳಿಗಳ ಮೇಲೆ ನಂಬರು ಮಾತ್ರ ಇರುತ್ತಿತ್ತು.

ಅದಕ್ಕೂ ಮೊದಲು ಅವರು ಕುಲಗೋಡ, ಕೌಜಲಗಿ ಸುತ್ತ ಐಸ್‌ಕ್ಯಾಂಡಿ ಮಾರಿದವರು. ಕಡುಬೇಸಿಗೆಯ ಒಂದು ದಿನ, ರಕ್ತ ಕೆಡಬಾರದೆಂದು, ಕ್ಯಾಂಡಿಗೆ ಹಾಕುವ ಹಾಗೆ ಡಬ್ಬಿಯ ತುಂಬ ಬರ್ಫ ತುಂಬಿಕೊಂಡು ಬಂದರು. ಈ ಎಣಿಕೆಗೆ ಬರ್ಫದಲ್ಲಿಟ್ಟ ರಕ್ತ ನಡೆಯುವುದಿಲ್ಲ. ಅಷ್ಟೂ ನಳಿ ಹಾಳು.

“ಕಾಕಾ, ಇದು ರಕ್ತ ಐತ್ರಿ, ಕ್ಯಾಂಡಿ ಅಲ್ಲ” ಎಂದು ರೇಗಿದೆ. ನನ್ನ ಸಿಟ್ಟು ಊರಿಗೇ ಗೊತ್ತು. ಅವರು ಡಬ್ಬಿಯ ಬರ್ಫ ಹೊರಗೆ ಸುರಿದು ಬಂದರು.

ಉಳಿದವರೆಲ್ಲ ಮತ್ತೆ ಬಂದು ರಕ್ತ ಕೊಟ್ಟರು. ಮೂಡಲಗಿ ಬದಿಯ ಒಬ್ಬ ಹೆಣ್ಣುಮಗಳು ಮಾತ್ರ ಬರಲೊಲ್ಲೆ ಅಂದಳು. ಅವಳ ಊರು ಯಾವುದೆಂದು ನಾನು ಬರೆಯುವುದಿಲ್ಲ. ಮನೆಯವರ ಕಣ್ಣು ತಪ್ಪಿಸಿ ಒಮ್ಮೆ ಬಂದಿದ್ದಳು, ಮತ್ತೆ ಹೊರಟರೆ ಅತ್ತೆ ಎಲ್ಲಿಗೆ ಎಂದು ಕೇಳುತ್ತಾಳೆ. ದಿನೇದಿನೇ ಸೊರಗುತ್ತಿದ್ದಾಳೆ ಎಂದು ರಕ್ತ ತೆಗೆದ ಅಲ್ಲಿನ ನರ್ಸ್ ಹೇಳಿದರು. ಅವಳ ಔಷಧ ಈ ಎಣಿಕೆಗಾಗಿ ಕಾದು ನಿಂತಿತ್ತು.

ಆಗ ಕಾಕಾ ಬಾಯಿ ಬಿಟ್ಟರು. “ಆಕಿ ಯಾರಂತ ನನಗ ಹೇಳಬ್ಯಾಡ್ರಿ. ಒಬ್ಬಾಕಿನ್ನ ಕರದ್ರ ಸುದ್ದಿ ಆಕ್ಕೈತಿ. ಇಡೀ ಓಣಿ ಹೆಣ್ಮಕ್ಕಳನ್ನ ಕರೀರಿ, ಶಿಬಿರ ಆಕ್ಕೈತಿ.”

ನರ್ಸ್ ಗುಟ್ಟಾಗಿ ಫೋನ್ ಮಾಡಿ ಅವಳನ್ನು ಒಪ್ಪಿಸಿದರು. ರಕ್ತಹೀನತೆ ತಪಾಸಣೆಯೆಂದು ಓಣಿಯ ಹೆಣ್ಣುಮಕ್ಕಳೆಲ್ಲ ಸಾಲು ಹಚ್ಚಿದರು. ಎಲ್ಲರಿಗಿಂತ ಮುಂದೆ ಅವಳ ಅತ್ತೆಯೇ ಕೂತು ಕಬ್ಬಿಣದ ಗುಳಿಗೆ ಇಸಿದುಕೊಂಡು ಹೋದಳಂತೆ. ಸೊಸೆಯ ಕೈಯಿಂದ ನರ್ಸ್ ಒಂದು ನಳಿ ಹೆಚ್ಚು ತೆಗೆದರು. ಕಾಕಾ ಓಣಿಯ ಹೊರಗೆ ಬೆನ್ನು ತಿರುಗಿಸಿ ನಿಂತಿದ್ದರು. ಈ ಸಲ ಬರ್ಫ ಇರಲಿಲ್ಲ, ಬಿಸಿಲು ತಾಗದಂತೆ ಡಬ್ಬಿಗೆ ಒದ್ದೆ ಗೋಣಿ ಸುತ್ತಿದ್ದರು, ಅಷ್ಟೇ. ಎಣಿಕೆ ಬಹಳ ಕಡಿಮೆ ಬಂತು. ಅದೇ ವಾರ ಔಷಧ ಶುರುವಾಯಿತು.

ಆ ಹೆಣ್ಣುಮಗಳು ಈಗಲೂ ತಪಾಸಣೆಗೆ ಬರುತ್ತಾಳೆ. ಮೈ ತುಂಬಿಕೊಂಡಿದ್ದಾಳೆ, ಪಾಳಿ ತಪ್ಪಿದರೆ ನನಗಿಂತ ಜೋರಾಗಿ ಜಗಳಾಡುತ್ತಾಳೆ.

ಕಾಕಾ ಹೋದ ವರ್ಷ ತೀರಿಕೊಂಡರು... ಮನೆಯವರನ್ನು ಮಾತಾಡಿಸಿ ಬರಲು ಹುಕ್ಕೇರಿಯ ಅವರ ಮನೆಗೆ ಹೋಗಿದ್ದೆ. “ಕ್ಯಾಂಡಿ ಮಾರಿದ್ರು, ಡಬ್ಬಿ ಹೊತ್ರು. ಹೇಳಕೊಳ್ಳೂವಂಥಾದ್ದು ಏನೂ ಮಾಡಲಿಲ್ಲ ನೋಡ್ರಿ ನಮ್ಮ ಮನ್ಯಾರು” ಎಂದರು ಅವರ ಹೆಂಡತಿ. ಆ ಶಿಬಿರದ ಮಾತು ನಾಲಿಗೆಯ ತುದಿಗೆ ಬಂತು. ಪಡಸಾಲೆಯ ತುಂಬ ಬೀಗರು, ನೆಂಟರು ಕೂತಿದ್ದರು. ಅರ್ಧಕ್ಕರ್ಧ ಮೂಡಲಗಿ ಕಡೆಯವರು, ಯಾವ ಓಣಿ, ಯಾರ ಸೊಸೆ ಎಂದು ಲೆಕ್ಕ ಹಾಕಿಬಿಡುವವರು.

“ಭಾಳ ಚಲೋ ಮನಷ್ಯಾ ಇದ್ರರಿ” ಎಂದಷ್ಟೇ ಹೇಳಿ ಆಕೆಯ ಕೈ ಹಿಡಿದು ಕೂತೆ. ಆಕೆಗೆ ಹೇಳಲಾಗದ ಸಂಕಟ ಇವತ್ತಿಗೂ ಇದೆ. ಹೇಳಿದ್ದರೆ ಮಾತ್ರ, ಮೊದಲು ನನ್ನನ್ನು ಬೈಯುತ್ತಿದ್ದವರು ಕಾಕಾನೇ.