ವಸಂತಮ್ಮನ ಎಡಗೈ

ಎರಡು ಸಾವಿರದ ಹದಿನೇಳರ ಆಸುಪಾಸಿನಲ್ಲಿ ಅಂಗಡಿ ಸಾಮಾನುಗಳ ಮೈಮೇಲೆ ಯಾವುದೋ ದೇವರು ಬಂದಂತಿತ್ತು. ಸ್ಕೂಟರುಗಳು ಹುಬ್ಬು ಗಂಟಿಕ್ಕಿಕೊಂಡು ಎದುರಿನವರನ್ನು ದುರುಗುಟ್ಟಿ ನೋಡತೊಡಗಿದವು. ಮಕ್ಕಳ ಬೂಟಿನ ಹಿಮ್ಮಡಿಯಲ್ಲಿ ದೀಪ ಹತ್ತಿಕೊಂಡಿತು. ಆಫೀಸಿನ ಕುರ್ಚಿ ರೇಸ್ ಕಾರಿನಿಂದ ಕಿತ್ತು ತಂದಂತೆ ಕಂಡರೆ, ನೀರಿನ ಬಾಟಲಿ ಬಾಂಬಿನಂತೆ ಕಾಣುತ್ತಿತ್ತು. ಜನ ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಆಡುವ ಆಟಗಳೊಳಗಿನ ಸಾಮಾನೆಲ್ಲ ಒಂದೊಂದಾಗಿ ಇಳಿದು ಬಂದು ಮನೆ ಸೇರುತ್ತಿತ್ತು. ಅಡುಗೆಮನೆಯ ಮಿಕ್ಸಿ ಮಾತ್ರ ಪಾಪ, ಬಿಳಿ ಮೈ, ಒಂದು ತಿರುಗುಗುಂಡಿ ಇಟ್ಟುಕೊಂಡು ಹಳೆಯ ಕಾಲದ ಮೇಷ್ಟರ ಹಾಗೆ ಕೂತಿತ್ತು.

ಅದನ್ನೂ ಎಬ್ಬಿಸಬೇಕೆಂದು ಹೊರಟವರು ಪೀಣ್ಯ ಎರಡನೇ ಹಂತದ ‘ಸೌಗಂಧಿ’ ಮಿಕ್ಸಿ ಕಾರ್ಖಾನೆಯ ಮಾಲೀಕ ಮುರಿಗೆಪ್ಪನವರು. ವೈಟ್‌ಫೀಲ್ಡಿನ ಗೇಮ್ ಕಂಪನಿಯಲ್ಲಿ ವೀರರಿಗೆ ಕತ್ತಿ, ಗುರಾಣಿ, ಶಿರಸ್ತ್ರಾಣ ಬರೆದುಕೊಡುತ್ತಿದ್ದ ಪ್ರಸನ್ನ ಎಂಬ ಮೂವತ್ತರ ಹುಡುಗನನ್ನು ಅವರು ಕರೆತಂದು ಎ.ಸಿ. ಕೋಣೆಯಲ್ಲಿ ಕೂರಿಸಿದರು. ಅವನು ಆರು ತಿಂಗಳಲ್ಲಿ ಒಂದು ಮಿಕ್ಸಿ ಬರೆದ. ಗುಂಡಿ ಇಲ್ಲ, ಗಿಂಡಿ ಇಲ್ಲ. ಮುಚ್ಚಳದ ನೆತ್ತಿಯ ಮೇಲೆ ಒಂದು ನೀಲಿ ಬೆಳಕಿನ ಬಳೆ. ಅದನ್ನು ಮುಟ್ಟಿದರೆ ಓಡುತ್ತದೆ, ಮತ್ತೆ ಮುಟ್ಟಿದರೆ ನಿಲ್ಲುತ್ತದೆ. ಮುಚ್ಚಳ ತಾನಾಗಿಯೇ ಬಿಗಿದುಕೊಳ್ಳುತ್ತದೆ. ನೋಡಲು ಎಷ್ಟು ಚೆಂದವಿತ್ತೆಂದರೆ ಅದರಲ್ಲಿ ಚಟ್ನಿ ಅರೆಯಲು ಯಾರಿಗಾದರೂ ಸಂಕೋಚವಾಗಬೇಕು.

ಆ ಮಿಕ್ಸಿ ಇನ್ನೂ ಹುಟ್ಟಿರಲಿಲ್ಲ. ಅಚ್ಚನ್ನು ಉಕ್ಕಿನಲ್ಲಿ ಕೊರೆಸುವ ಮೊದಲು ಪ್ರಸನ್ನ ಅದನ್ನು ಒಂದು ಆಟವಾಗಿ ಮಾಡಿದ್ದ. ಕಣ್ಣಿಗೆ ದಪ್ಪ ಹೆಡ್‌ಸೆಟ್ ಕಟ್ಟಿಕೊಂಡು, ಎರಡು ಕೈಯಲ್ಲಿ ಎರಡು ಹಿಡಿಕೆ ಹಿಡಿದರೆ ಎದುರಿಗೆ ಅಡುಗೆಮನೆ ತೆರೆದುಕೊಳ್ಳುತ್ತಿತ್ತು. ಅಲ್ಲಿ ಆ ಮಿಕ್ಸಿಯಲ್ಲಿ ಕಾಯಿಚಟ್ನಿ ಅರೆಯಬೇಕು, ಪಾಯಿಂಟು ಗಳಿಸಬೇಕು. ಅರೆದು ನೋಡಲು ಕಾರ್ಖಾನೆಯ ಹನ್ನೆರಡು ಹೆಂಗಸರನ್ನು ಆರಿಸಿದರು. ಮುರಿಗೆಪ್ಪನವರು ಮೊದಲೇ ಹೇಳಿಬಿಟ್ಟಿದ್ದರು: “ವಸಂತಮ್ಮ ಹೂಂ ಅಂದ್ರೆ ಅಚ್ಚು. ಇಲ್ಲಾಂದ್ರೆ ಇಲ್ಲ.”

ಈ ಮಾತಿನ ತೂಕ ತಿಳಿಯಬೇಕಾದರೆ ವಸಂತಮ್ಮನನ್ನು ತಿಳಿಯಬೇಕು. ನೆಲಗದರನಹಳ್ಳಿಯ ರಾಗಿ ಬೆಳೆಯುತ್ತಿದ್ದ ಮನೆಯ ಸೊಸೆ. ಹೊಲವೆಲ್ಲ ಶೆಡ್ಡುಗಳಾದ ಮೇಲೆ, ಬೆಳೆ ಕೊಯ್ಯುತ್ತಿದ್ದ ಕಡೆಯಲ್ಲೇ ಮಿಕ್ಸಿ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದವಳು. ಇಪ್ಪತ್ತೊಂದು ವರ್ಷದಿಂದ ಸೌಗಂಧಿಯ ಪ್ರತಿ ಮಿಕ್ಸಿಯೂ ಅವಳ ಕಿವಿ ದಾಟಿಯೇ ಹೊರಗೆ ಹೋಗಬೇಕು. ಒಂದು ಸಲ ಓಡಿಸಿ ಕೇಳಿದರೆ ಸಾಕು, “ಇದ್ಕೆ ಗಂಟ್ಲು ಸರಿ ಇಲ್ಲ, ತಗಂಡೋಗು” ಎನ್ನುವಳು. ಬಿಚ್ಚಿ ನೋಡಿದರೆ ಬೇರಿಂಗ್ ಸಡಿಲವೇ ಇರುತ್ತಿತ್ತು. ಅವಳ ಎದುರು ಮಿಕ್ಸಿ ಇಡುವಾಗ ಜೋಡಿಸಿದವರ ಎದೆ ಡವಡವ ಎನ್ನುತ್ತಿತ್ತು. ದಾಕ್ಷಿಣ್ಯ ಎಂಬುದು ಆ ಬೆಂಚಿನ ಹತ್ತಿರ ಸುಳಿಯುತ್ತಿರಲಿಲ್ಲ.

ಅಂಥವಳು ಪ್ರಸನ್ನನ ಕೋಣೆಗೆ ಹೋದಳು. ಅವನು ಬಾಗಿಲ ತನಕ ಬಂದು “ಬನ್ನಿ ವಸಂತಮ್ಮನವರೇ” ಎಂದು ಬರಮಾಡಿಕೊಂಡು, ಕುರ್ಚಿ ಎಳೆದು ಕೂರಿಸಿ, ಪಿಂಗಾಣಿ ಕಪ್ಪಿನಲ್ಲಿ ಟೀ ತರಿಸಿದ. ಹೆಡ್‌ಸೆಟ್ಟಿನ ಪಟ್ಟಿ ಅವಳ ತುರುಬಿಗೆ ಸಿಕ್ಕಿಕೊಂಡಿತು. ತುರುಬು ಬಿಚ್ಚಿ ಜಡೆ ಹಾಕಿ, ಮುಡಿದಿದ್ದ ಕನಕಾಂಬರವನ್ನು ಅವನ ಕಂಪ್ಯೂಟರಿನ ಮೇಲಿಟ್ಟು, ಅಂತೂ ಅಡುಗೆಮನೆ ಹೊಕ್ಕಳು. ಹೊಕ್ಕವಳು ಅಲ್ಲಿಯೇ ಬೆರಗಾದಳು. ಕಟ್ಟೆಯ ಮೇಲೆ ಒಂದು ಎಂಜಲು ಪಾತ್ರೆಯಿಲ್ಲ. ಸಿಂಕು ಖಾಲಿ. ಕಾಫಿ ಕೇಳುವವರು ಯಾರೂ ಇಲ್ಲ. “ಅಯ್ಯೋ ಸಾರ್, ಈ ಮನೆ ಬಾಡ್ಗೆಗೆ ಕೊಡ್ತೀರಾ?” ಎಂದು ಕೇಳಿದಳು.

ಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ ಹಾಕಿ ಬಲಗೈಯಿಂದ ನೀಲಿ ಬಳೆ ಮುಟ್ಟಿದಳು. ಮಿಕ್ಸಿ ಓಡಿತು. ಓಡಿದ ಕೂಡಲೆ ಅವಳ ಎಡಗೈ, ಮನೆಯಲ್ಲಿ ಇಪ್ಪತ್ತೈದು ವರ್ಷ ಚಟ್ನಿ ಅರೆದ ರೂಢಿಯಂತೆ, ಮುಚ್ಚಳದ ಮೇಲೆ ಅಂಗೈ ಅಗಲಿಸಿ ಕೂತಿತು. ನಮ್ಮ ಕಡೆ ಮಿಕ್ಸಿ ಹಾಕುವ ಯಾವ ಹೆಂಗಸೂ ಮುಚ್ಚಳವನ್ನು ಅದರ ಪಾಡಿಗೆ ಬಿಡುವುದಿಲ್ಲ. ಒಮ್ಮೆ ಸಾರಿನಪುಡಿ ಸೂರಿಗೆ ಹಾರಿದ್ದನ್ನು ಕಂಡವರಿಗೆ ಯಾವ ಕಂಪನಿಯ ಮುಚ್ಚಳದ ಮೇಲೂ ನಂಬಿಕೆ ಉಳಿದಿರುವುದಿಲ್ಲ. ಅಂಗೈ ಬಳೆಗೆ ತಾಗಿತು, ಮಿಕ್ಸಿ ನಿಂತಿತು. ಇದೇನೆಂದು ಕೈ ಎತ್ತಿ ಮತ್ತೆ ಇಟ್ಟಳು, ಓಡಿತು. ಸದ್ಯ ಎಂದು ಇನ್ನೊಂದಿಷ್ಟು ಬಿಗಿ ಮಾಡಿ ಒತ್ತಿದಳು, ನಿಂತಿತು. ಹೀಗೆ ನಿಂತು ಓಡಿ, ಓಡಿ ನಿಂತು ಚಟ್ನಿ ಮುಗಿಯುವ ಹೊತ್ತಿಗೆ ಕಿವಿಯಲ್ಲಿ ನಾದಸ್ವರ ಮೊಳಗಿ, ಕಣ್ಣೆದುರು ನಕ್ಷತ್ರಗಳು ಉದುರಿದವು.

“ಸಕ್ಕತ್! ತೊಂಬತ್ತೇಳು!” ಎಂದು ಪ್ರಸನ್ನ ಕುಣಿದಾಡಿದ. ಮೋಟಾರು ಕಾಯದಂತೆ ನಿಲ್ಲಿಸಿ ನಿಲ್ಲಿಸಿ ಅರೆಯುವವರಿಗೆ ಹೆಚ್ಚಿನ ಪಾಯಿಂಟು ಸಿಗುವಂತೆ ಆಟ ಕಟ್ಟಿದ್ದವನು ಅವನೇ. ಇವಳು ಗುಟ್ಟು ತಿಳಿದೇ ನಿಲ್ಲಿಸುತ್ತಿದ್ದಾಳೆಂದು ಅವನು ನಂಬಿದ. “ಹೇಗಿದೆ ಮೇಡಂ?” ಎಂದು ಕೇಳಿದ. ಮೇಡಂ! ವಸಂತಮ್ಮನ ನಾಲಿಗೆಯ ತುದಿಯವರೆಗೆ ಬಂದದ್ದು ಅಲ್ಲಿಂದಲೇ ಹಿಂದಿರುಗಿತು. ಊಟಕ್ಕೆ ಕರೆದವರ ಮನೆಯಲ್ಲಿ ಉಪ್ಪು ಕಡಿಮೆ ಎನ್ನುವುದುಂಟೆ? “ಚೆನ್ನಾಗೈತೆ ಸಾರ್” ಎಂದಳು.

ಉಳಿದ ಹನ್ನೊಂದು ಹೆಂಗಸರೂ ಇದೇ ಕೈ ಇಟ್ಟರು, ಇದೇ ನಕ್ಷತ್ರ ಉದುರಿಸಿದರು. ಪ್ಯಾಕಿಂಗಿನ ವೇಣಿಯಂತೂ “ಕೈ ಇಟ್ಟಂಗೆಲ್ಲಾ ಪಾಯಿಂಟ್ ಬತ್ತದೆ ಕಣಕ್ಕ, ಏನ್ ಗಮ್ಮತ್ತು!” ಎಂದು ದಿನವೆಲ್ಲ ಹಾಡಿಕೊಂಡಳು. ಪ್ರಸನ್ನ ಅಂಕಿಗಳನ್ನೆಲ್ಲ ಒಂದು ಚಿತ್ರಪಟ ಮಾಡಿ, ನಮ್ಮ ಹೆಣ್ಣುಮಕ್ಕಳು ಹುಟ್ಟಾ ಆಟಗಾರರು ಎಂದು ಮುರಿಗೆಪ್ಪನವರಿಗೆ ತೋರಿಸಿದ. ನೋಟೀಸು ಬೋರ್ಡಿನಲ್ಲಿ ವಸಂತಮ್ಮನ ಫೋಟೋ ಬಂತು, ಮೊದಲ ಸ್ಥಾನದಲ್ಲಿ. ಗಂಡ ಗೋಪಾಲಪ್ಪ ಗೇಟಿನವರೆಗೆ ಬಂದು ವಾಚ್‌ಮನ್‌ನನ್ನು ಕಾಡಿ ಒಳಗೆ ಹೋಗಿ ನೋಡಿಕೊಂಡು ಹೋದ.

ಮಾರನೆಯ ಬೆಳಿಗ್ಗೆ ಮನೆಯಲ್ಲಿ ಇಡ್ಲಿಗೆ ಚಟ್ನಿ ಅರೆಯುವಾಗ ವಸಂತಮ್ಮ ತನ್ನ ಎಡಗೈಯನ್ನೇ ನೋಡಿದಳು. ಮುಚ್ಚಳ ಒತ್ತಿಹಿಡಿದು ಗಟ್ಟಿಯಾಗಿ ಕೂತಿತ್ತು. ಆ ಹೊಸ ಮಿಕ್ಸಿ ಮನೆಮನೆಗೆ ಹೋದರೆ ಯಾವ ಮನೆಯಲ್ಲೂ ಚಟ್ನಿಯಾಗುವುದಿಲ್ಲ, ನಿಂತೂ ನಿಂತೂ ಕಾಯಿಚೂರೇ ಗತಿ ಎಂದು ಅವಳಿಗೆ ನಿಚ್ಚಳವಾಯಿತು. ಅಲ್ಲಿ ನಕ್ಷತ್ರ ಉದುರುವುದಿಲ್ಲ, ಬೈಗುಳ ಉದುರುತ್ತದೆ. ಹೂಂ ಎಂದವಳು ತಾನು. ಇಪ್ಪತ್ತೊಂದು ವರ್ಷದಲ್ಲಿ ಕೆಟ್ಟ ಮಿಕ್ಸಿಗೆ ಹೂಂ ಎಂದವಳೇ ಅಲ್ಲ, ಈಗ ಹುಟ್ಟದೇ ಇರುವ ಮಿಕ್ಸಿಗೆ ಹೂಂ ಎಂದುಬಿಟ್ಟಿದ್ದಳು. ನಾಚಿಕೆಯಾಯಿತು.

ಹೇಳಿಬಿಡೋಣವೆಂದು ಎರಡು ದಿನ ಪ್ರಸನ್ನನ ಕೋಣೆಗೆ ಹೋದಳು. ಆದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಾಯಿತು ಅವಳ ಮಾತು. “ಸಾರ್, ಮುಚ್ಚಳ ಒಸಿ...” ಎಂದರೆ ಅವನು, “ಸೂಪರ್ ಅಲ್ವಾ?” ಎಂದು ಕಣ್ಣರಳಿಸುತ್ತಿದ್ದ. ಇವಳು “ಊಂ, ಬಣ್ಣ ಚೆನ್ನಾಗೈತೆ” ಎಂದು ಟೀ ಕುಡಿದು ಬರುತ್ತಿದ್ದಳು. ಕುಣಿಯಲಾರದವಳು ನೆಲ ಡೊಂಕು ಎನ್ನಬಹುದು. ಕುಣಿದು ಬಹುಮಾನ ಹೊಡೆದವಳೇ ಡೊಂಕು ಎಂದರೆ ನಂಬುವವರಾರು? ಗುರುವಾರ ನಕ್ಷೆ ಅಚ್ಚಿನವರ ಕೈ ಸೇರುವುದಿತ್ತು. ಉಕ್ಕಿನಲ್ಲಿ ಕೊರೆದ ಮೇಲೆ ತಿದ್ದುವಂತಿಲ್ಲ.

ಗುರುವಾರ ಬೆಳಿಗ್ಗೆ ಮುರಿಗೆಪ್ಪನವರು ವಸಂತಮ್ಮನನ್ನು ಮೀಟಿಂಗ್ ಕೋಣೆಗೆ ಕರೆಸಿದರು. ಮೇಜಿನ ಮೇಲೆ ನಕ್ಷೆ, ನಕ್ಷೆಯ ಮೇಲೆ ಪೆನ್ನು, ಪಕ್ಕದಲ್ಲಿ ಹೆಡ್‌ಸೆಟ್ ಇಟ್ಟುಕೊಂಡು ಪ್ರಸನ್ನ. “ವಸಂತಮ್ಮಾ, ನೀ ಒಂದು ಮಾತು ಹೂಂ ಅಂದ್ಬಿಡವ್ವಾ, ಸೈನ್ ಹಾಕ್ತೀನಿ.”

“ಸಾಹೇಬ್ರೇ, ಬೇಡ. ಇದ್ರಾಗೆ ಚಟ್ನಿ ಆಗಕ್ಕಿಲ್ಲ.”

ವಸಂತಮ್ಮ ಅಷ್ಟಕ್ಕೇ ಬಿಡಲಿಲ್ಲ, ಸಾಹೇಬರೇ ಒಮ್ಮೆ ಅರೆದು ನೋಡಲಿ ಎಂದಳು. ಮುರಿಗೆಪ್ಪನವರು ಹೆಡ್‌ಸೆಟ್ ಕಟ್ಟಿಕೊಂಡು ಬಳೆ ಮುಟ್ಟಿ, ಎಡಗೈಯನ್ನು ಸೊಂಟದ ಮೇಲಿಟ್ಟುಕೊಂಡು ನಿಂತರು. ಮಿಕ್ಸಿ ಒಂದೇ ಸಮನೆ ಓಡಿತು. ಮೂವತ್ತು ವರ್ಷದಿಂದ ಮಿಕ್ಸಿ ಮಾಡಿ ಮಾರಿದ ಪುಣ್ಯಾತ್ಮ ಒಂದು ದಿನವೂ ಅದರಲ್ಲಿ ಚಟ್ನಿ ಅರೆದವರಲ್ಲ! ಪ್ರಸನ್ನನೂ ಅರೆದ. ಅವನ ಎಡಗೈಯ ಹಿಡಿಕೆ ಮೇಜಿನ ಮೇಲಿತ್ತು, ಎಡಗೈ ಪ್ಯಾಂಟಿನ ಜೇಬಿನಲ್ಲಿತ್ತು. “ನೋಡಿ, ಎಲ್ಲಾ ಸರಿ ಇದ್ಯಲ್ಲ?” ಎಂದ.

ವಸಂತಮ್ಮನಿಗೆ ಅಳು ಬರುವುದೊಂದು ಬಾಕಿ. “ಅದ್ನ ತೆಗೀರಿ ಸಾರ್. ಕಣ್ ಮುಚ್ಕಳಿ. ನಿಮ್ಮಮ್ಮ ಮಿಕ್ಸಿ ಹಾಕ್ತಾವ್ರೆ ಅಂದ್ಕಳಿ. ಅವ್ರ ಎಡಗೈ ಎಲ್ಲೈತೆ?”

ಪ್ರಸನ್ನ ಹೆಡ್‌ಸೆಟ್ ತೆಗೆದು ಕಣ್ಣು ಮುಚ್ಚಿದ. ಆಮೇಲೆ ಅವನ ಎಡಗೈ ಜೇಬಿನಿಂದ ಮೆಲ್ಲಗೆ ಹೊರಬಂದು ಗಾಳಿಯಲ್ಲಿ ಎದೆಮಟ್ಟಕ್ಕೆ ಏರಿ, ಅಂಗೈ ಅಗಲವಾಗಿ ಬಿಚ್ಚಿಕೊಂಡು ಕೆಳಗೆ ಒತ್ತಿ ನಿಂತಿತು. ಕಣ್ಣು ಬಿಟ್ಟು ಆ ಕೈಯನ್ನು ನೋಡಿದ. “ಅಯ್ಯೋ,” ಎಂದ. “ಹಾಗಾದ್ರೆ ಆ ಪಾಯಿಂಟೆಲ್ಲಾ...”

“ಅದು ನಿಂತೋಗಿದ್ದು ಸಾರ್. ನಾವು ನಿಲ್ಸಿದ್ದಲ್ಲ.”

ಮುರಿಗೆಪ್ಪನವರು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ಪ್ರಸನ್ನನ ಮುಖ ಬಾಡಿತ್ತು. ಸಿಟ್ಟಿಲ್ಲದ ದನಿಯಲ್ಲಿ, ನಿಜವಾಗಿಯೂ ಅರ್ಥವಾಗದೆ ಕೇಳಿದ: “ನಿಮ್ಗೆ ಅವತ್ತೇ ಗೊತ್ತಿತ್ತಲ್ವಾ? ಅವತ್ತೇ ಯಾಕೆ ಹೇಳ್ಲಿಲ್ಲ?”

ವಸಂತಮ್ಮ ಸೆರಗಿನ ತುದಿ ಹಿಡಿದುಕೊಂಡಳು. “ಇಪ್ಪತ್ತೊಂದು ವರ್ಸದಿಂದ ಬೆಂಚಿನ್ ಮುಂದೆ ನಿಂತ್ಕಂಡೇ ಕೆಲ್ಸ ಮಾಡ್ತಿವ್ನಿ ಸಾರ್. ಈ ಕಂಪ್ನೀಲಿ ನಂಗೆ ಕೂತ್ಕಳಿ ಅಂದೋರು ನೀವೇ ಮೊದ್ಲು. ಅಂಗೆ ಕೂರ್ಸಿ ಕೇಳ್ದೋರ್ಗೆ, ನಿಮ್ದು ಸರಿ ಇಲ್ಲ ಅಂತ ಎಂಗೆ ಏಳ್ಲಿ?”

ಮುರಿಗೆಪ್ಪನವರು ಎಲ್ಲಿ ನೋಡಬೇಕೋ ತಿಳಿಯದೆ ನಕ್ಷೆಯನ್ನು ನೋಡಿದರು. ಪ್ರಸನ್ನ ನಕ್ಷೆಯನ್ನು ತನ್ನ ಕಡೆಗೆ ಎಳೆದುಕೊಂಡು ಪೆನ್ಸಿಲು ಹಿಡಿದ. “ಇನ್ನೂ ಏನಾದ್ರೂ ಸರಿ ಇಲ್ವಾ?”

“ಬೇಜಾರ್ ಮಾಡ್ಕಬಾರ್ದು.”

“ಇಲ್ಲ. ಹೇಳಿ.”

ವಸಂತಮ್ಮ ಮುರಿಗೆಪ್ಪನವರ ಎದುರಿನ ಕುರ್ಚಿಯನ್ನು ತಾನೇ ಎಳೆದುಕೊಂಡು, ಯಾರೂ ಹೇಳುವ ಮೊದಲೇ ಕೂತಳು. “ಕರೆಂಟ್ ವೈರಿಂದ ಸುರು ಮಾಡಣ,” ಎಂದಳು.